ನನಗಲ್ಲ, ನೆರೆಕರೆಯವರಿಗೆ

ನಮ್ಮ ಊಟದ ಮೇಜಿನ ಮೇಲೆ ಒಂದು ನೀಲಿ ಫೈಲು ಕೂತಿದೆ. ಅದರಿಂದ ಅತ್ತರಿನ ಪರಿಮಳ ಬರುತ್ತಿದೆ. ಕಾಗದಪತ್ರಗಳಿಗೆ ಅತ್ತರು ಹಚ್ಚುವ ಸಂಪ್ರದಾಯ ನಮ್ಮ ಕುಟುಂಬದಲ್ಲಿ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮ ದಯಾನಂದ ಮಸ್ಕತ್ತಿನಿಂದ ಬರುವಾಗ ಸೂಟ್‌ಕೇಸಿನಲ್ಲಿದ್ದ ಸೀಸೆಯ ಮುಚ್ಚಳ ಸಡಿಲವಾಗಿ, ಅವನ ಅಂಗಿಗಳು, ಖರ್ಜೂರದ ಡಬ್ಬಿ, ನನಗೆಂದು ತಂದ ದಪ್ಪ ಕಂಬಳಿ, ಈ ಫೈಲು, ಎಲ್ಲಕ್ಕೂ ಒಂದೇ ವಾಸನೆ ಹತ್ತಿಕೊಂಡಿದೆ. ಮಂಗಳೂರಿನ ಸೆಕೆಗೆ ಕಂಬಳಿ ಯಾಕೆ ಎಂದು ಕೇಳಬೇಡಿ. ಗಲ್ಫಿನಿಂದ ಬರುವ ತಮ್ಮಂದಿರು ಕಂಬಳಿ ತರುತ್ತಾರೆ, ಅಕ್ಕಂದಿರು ಅದನ್ನು ಕಪಾಟಿನಲ್ಲಿ ಇಡುತ್ತಾರೆ. ಕಂಬಳಿಯನ್ನೇನೋ ಒಗೆದು ಹಾಕಿದೆ. ಫೈಲನ್ನು ಒಗೆಯುವ ಹಾಗಿಲ್ಲವಲ್ಲ.

ಫೈಲಿನೊಳಗೆ ಇರುವುದು ಹಕ್ಕು ಬಿಡುಗಡೆ ಪತ್ರದ ಕರಡು. ನಾನು ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ದಯಾ ಹಳದಿ ಚೀಟಿ ಅಂಟಿಸಿದ್ದಾನೆ, ಅಕ್ಕನ ಕಣ್ಣು ಮಂಜಾಗಿದೆಯೆಂಬ ಕಾಳಜಿಯಿಂದ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಪದ ಕಂಡರೆ ಕೆದಕುವ ಚಟ. ಬಿಡುಗಡೆ ಆಗುವುದು ಕೈದಿಗೆ, ಸಿನಿಮಾಕ್ಕೆ, ಪುಸ್ತಕಕ್ಕೆ. ನನ್ನ ಹಕ್ಕು ಯಾವ ತಪ್ಪು ಮಾಡಿ ನನ್ನ ಹತ್ತಿರ ಸೆರೆಯಲ್ಲಿತ್ತೋ ದೇವರಿಗೇ ಗೊತ್ತು.

ವಿಷಯ ಇಷ್ಟೇ. ಕುಲಶೇಖರದ ಈ ಮನೆ ನಮ್ಮ ಅಮ್ಮನದು. ಅಪ್ಪ ಮೊದಲೇ ಹೋಗಿದ್ದರು. ಅಮ್ಮ ಉಯಿಲು ಗಿಯಿಲು ಏನೂ ಬರೆಯದೆ ತೀರಿಕೊಂಡರು. ಹಾಗಾಗಿ ಮನೆ ಮಕ್ಕಳಿಬ್ಬರಿಗೂ ಸಮ. ದಯಾ ಗಲ್ಫಿಗೆ ಹೋದ, ಮದುವೆಯಾಗದ ನಾನು ಇಲ್ಲಿಯೇ ಉಳಿದೆ. ಈಗ ಅವನಿಗೆ ಹಳೆಯ ಹಂಚಿನ ಮನೆ ಕೆಡವಿ, ಬಿಲ್ಡರ್ ಒಬ್ಬರಿಗೆ ಕೊಟ್ಟು ಫ್ಲ್ಯಾಟ್ ಕಟ್ಟಿಸುವ ಆಸೆ. ಬಿಲ್ಡರಿಗೆ ದಾಖಲೆಯಲ್ಲಿ ಒಂದೇ ಹೆಸರು ಬೇಕಂತೆ. ಬಂದ ದಿನ ಬೆಳಿಗ್ಗೆ ನೀರುದೋಸೆ ತಿನ್ನುತ್ತಾ ದಯಾ ಹೇಳಿದ, ನಮ್ಮ ತುಳುವಿನಲ್ಲೇ:

"ಅಕ್ಕ, ಸುಮ್ಮನೆ ಒಂದು ಸೈನ್ ಅಷ್ಟೆ. ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬಂದ್ರೆ ಮುಗೀತು. ಕೆಳಗಿನ ಫ್ಲ್ಯಾಟ್ ನಿನಗೆ ಉಂಟೇ ಉಂಟು. ಮೆಟ್ಟಿಲು ಹತ್ತುವ ರಗಳೆಯೇ ಇಲ್ಲ ನಿನಗೆ."

"ಆಯ್ತು," ಎಂದೆ.

ಆ ಕೆಳಗಿನ ಫ್ಲ್ಯಾಟಿನ ಮಾತು ಪತ್ರದಲ್ಲಿ ಎಲ್ಲಿ ಬರೆದಿದೆ ಎಂದು ಕೇಳಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಕಳ್ಳಿಯ ಹಾಗೆ ಫೈಲು ತೆಗೆದು ಹುಡುಕಿದೆ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಅದು ಎಲ್ಲಿಯೂ ಇರಲಿಲ್ಲ. ಬಚ್ಚಲಿನಲ್ಲಿ ನೀರಿನ ಸದ್ದು ನಿಂತಾಗ ನಾನು ಫೈಲು ಮುಚ್ಚಿ, ಮೇಜು ಒರೆಸುವವಳ ಹಾಗೆ ನಟಿಸಿದೆ. ನನ್ನ ಅಮ್ಮನ ಮನೆಯಲ್ಲಿ, ನನ್ನ ಹೆಸರಿರುವ ಕಾಗದ ಓದಿದ್ದಕ್ಕೆ ಈ ನಾಟಕ!

ಕೇಳಿದ್ದರೆ ಏನಾಗುತ್ತಿತ್ತು ಎನ್ನುತ್ತೀರಾ? ಹಾಗೆ ಎನ್ನುವವರಿಗೆ ಒಳ್ಳೆಯ ತಮ್ಮ ಇರಲಿಕ್ಕಿಲ್ಲ. ನನಗಿದ್ದಾನೆ. ನನ್ನ ಕಣ್ಣಿನ ಆಪರೇಷನ್‌ಗೆ ರಜೆ ಹಾಕಿ ಬಂದು ಆಸ್ಪತ್ರೆಯ ಬೆಂಚಿನಲ್ಲಿ ಮಲಗಿದವನು ಅವನು. ಅವನ ಮುಖ ನೋಡಿ "ಬರೆದು ಕೊಡು" ಎನ್ನಲು ನಾಲಿಗೆ ಏಳುವುದಿಲ್ಲ. ನಾಚಿಕೆ. ಮತ್ತೆ, ಹೀಗೆ ನಾಚಿಕೆ ಪಡುವುದಕ್ಕೇ ಇನ್ನೊಂದು ನಾಚಿಕೆ. ಯಾಕೆಂದರೆ ಈ ಊರಿನಲ್ಲಿ ಎಷ್ಟೋ ಜನರಿಗೆ "ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ" ಎಂದು ಪಾಠ ಹೇಳಿದ ಟೀಚರು ಬೇರೆ ಯಾರೂ ಅಲ್ಲ, ನಾನೇ.

ಅತ್ತರಿನ ವಾಸನೆಗೆ ಖತೀಜಮ್ಮ ನೆನಪಾದರು. ಅವರಿಗೆ ಹೋಗುವ ಮೊದಲು ಆ ಪಾಠದ ಕತೆ ಹೇಳಬೇಕು.

ನಿವೃತ್ತಿಯಾದ ಹೊಸತರಲ್ಲಿ ನನಗೆ ಮನೆಯಲ್ಲಿ ಕೂತು ಕೂತು ಮಂಡೆ ಬಿಸಿಯಾಗಿತ್ತು. ಆಗ ಲೀನಾ ಕರೆದಳು. ಲೀನಾ ವಕೀಲೆ, ನನಗಿಂತ ತುಂಬ ಚಿಕ್ಕವಳು, ಮನೆಮಾತು ಕೊಂಕಣಿ, ಬಾಯಿ ಸ್ವಲ್ಪ ಜೋರು. ಬಿಜೈಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಅವಳು ಒಂದು ಮೇಜು ಹಾಕಿ ಕೂರುತ್ತಿದ್ದಳು. ಬಾಡಿಗೆ ಮನೆಯಿಂದ ಎಬ್ಬಿಸಿದವರು, ವಿಧವಾ ವೇತನ ನಿಂತುಹೋದವರು, ಗಂಡ ಬಿಟ್ಟವರು, ಯಾರು ಬಂದರೂ ಕಾನೂನು ಏನು ಹೇಳುತ್ತದೆ ಎಂದು ತಿಳಿಸುವುದು. "ನಾನು ಹೇಳಿದ್ದು ಅವರಿಗೆ ಅರ್ಥ ಆಗುವುದಿಲ್ಲ ಟೀಚರ್, ಅವರು ಹೇಳಿದ್ದು ನನಗೆ ಆಗುವುದಿಲ್ಲ. ನೀವು ಮಧ್ಯದಲ್ಲಿ ಕೂತುಕೊಳ್ಳಿ," ಎಂದಳು. ನಾನು ಮಧ್ಯದಲ್ಲಿ ಕೂತೆ. ಅವಳ ಕಾನೂನನ್ನು ತುಳುವಿಗೂ ಸರಳ ಕನ್ನಡಕ್ಕೂ ಇಳಿಸುವುದು ನನ್ನ ಕೆಲಸ.

ಕೆಳಗೆ ರಸ್ತೆಯಲ್ಲಿ 'ಉಚಿತ ಕಾನೂನು ಸಲಹೆ' ಎಂಬ ಬೋರ್ಡು. ಆ ಬೋರ್ಡೇ ನಮ್ಮ ಶತ್ರು. ಬಂದವರು ಮೊದಲು ಅದನ್ನು ನೋಡದವರ ಹಾಗೆ ದಾಟಿ ಹೋಗುತ್ತಿದ್ದರು. ಆಚೆ ಬೊಂಡದ, ಅಂದರೆ ಎಳನೀರಿನ, ಗಾಡಿ ಇತ್ತು. ಅಲ್ಲಿ ನಿಂತು ಒಂದು ಬೊಂಡ ಕುಡಿಯುವುದು. ಕುಡಿಯುತ್ತಾ ಆಚೆ ಈಚೆ ನೋಡುವುದು, ಗುರ್ತದವರು ಯಾರಾದರೂ ಇದ್ದಾರಾ ಎಂದು. ಇಲ್ಲವೆಂದಾದರೆ ಬೊಂಡದೊಳಗಿನ ಗಂಜಿ ಕೂಡ ತಿಂದು ಮುಗಿಸಿ, ಬಾಯಿ ಒರೆಸಿಕೊಂಡು, ಸಟ್ಟಂತ ಮೆಟ್ಟಿಲು ಹತ್ತುವುದು. ಬೊಂಡದ ರಾಮಣ್ಣ ಕತ್ತಿ ಆಡಿಸುತ್ತಲೇ ಇದನ್ನೆಲ್ಲ ನೋಡುತ್ತಿದ್ದ. "ಟೀಚರೇ, ಶನಿವಾರ ನೀವು ಕೂತ್ರೆ ನನಗೆ ಬೊಂಡ ಸಾಲುವುದಿಲ್ಲ ಮಾರಾಯ್ರೆ," ಎಂದು ನಗುತ್ತಿದ್ದ.

ಮೇಲೆ ಬಂದವರು ಕುರ್ಚಿಯ ತುದಿಯಲ್ಲಿ ಕೂತು ಮೊದಲು ಹೇಳುವ ಮಾತು ಒಂದೇ: "ನನಗಲ್ಲ ಟೀಚರೇ. ನಮ್ಮ ನೆರೆಕರೆಯವರಿಗೆ."

ನೆರೆಕರೆ ಎಂದರೆ ನಿಮಗೆ ಗೊತ್ತಲ್ಲ, ಅಕ್ಕಪಕ್ಕದ ಮನೆಯವರು. ನಮ್ಮ ಊರಿನಲ್ಲಿ ಯಾರಿಗೂ ಕಷ್ಟ ಇಲ್ಲ. ಕಷ್ಟವೆಲ್ಲ ನೆರೆಕರೆಯವರಿಗೆ. ಗಂಡ ಹೊಡೆಯುವುದು ನೆರೆಕರೆಯವಳಿಗೆ, ರೇಷನ್ ಕಾರ್ಡು ರದ್ದಾದದ್ದು ನೆರೆಕರೆಯವನದ್ದು, ಮನೆ ಬಿಡಿ ಎಂದು ಮಾಲಕರು ಹೇಳಿದ್ದು ನೆರೆಕರೆಯವರಿಗೆ. ತರಗತಿಯಲ್ಲಿ ನಾನು ವರ್ಷ ವರ್ಷವೂ ಕಲಿಸಿದ್ದೆ: ನಾನು, ನಾವು ಉತ್ತಮ ಪುರುಷ, ನೀನು, ನೀವು ಮಧ್ಯಮ ಪುರುಷ, ಅವನು, ಅವಳು ಪ್ರಥಮ ಪುರುಷ. ಮಕ್ಕಳಿಗೆ ಪ್ರಥಮ ಪುರುಷ ಕಷ್ಟವಾಗುತ್ತಿತ್ತು. ದೊಡ್ಡವರಿಗೆ ಉತ್ತಮ ಪುರುಷವೇ ಕಷ್ಟ ಎಂದು ಈ ಮಹಡಿಯ ಮೇಲೆ ಗೊತ್ತಾಯಿತು.

ನಾನೂ ಲೀನಾಳೂ ಒಂದು ಕ್ರಮ ಮಾಡಿಕೊಂಡೆವು. ಯಾರನ್ನೂ "ಅದು ನೀವೇ ಅಲ್ವಾ?" ಎಂದು ಕೇಳಬಾರದು. ಅವರು ನೆರೆಕರೆಯವರೆಂದರೆ ನಾವೂ ನೆರೆಕರೆಯವರು ಅನ್ನುವುದು. "ನಿಮ್ಮ ನೆರೆಕರೆಯವರಿಗೆ ಹೇಳಿ, ಈ ಕಾಗದ ತೆಗೆದುಕೊಂಡು ತಾಲೂಕು ಆಫೀಸಿಗೆ ಹೋಗ್ಲಿಕ್ಕೆ," ಅಷ್ಟೆ. ಮರ್ಯಾದೆ ಉಳಿಯಬೇಕು, ಕೆಲಸವೂ ಆಗಬೇಕು. ಈ ಕ್ರಮ ನನ್ನದೇ ಕಲ್ಪನೆ. ನನಗೆ ಅದರ ಬಗ್ಗೆ ಸಣ್ಣ ಜಂಬವೂ ಇತ್ತು.

ಒಂದೇ ಒಂದು ಸಲ ಅದು ಕೈಕೊಟ್ಟಿತು. ದಢೂತಿ ಮನುಷ್ಯನೊಬ್ಬ ಬಂದು, ನೆರೆಕರೆಯವನ ಹೆಂಡತಿ ಮನೆಬಿಟ್ಟು ಹೋಗಿದ್ದಾಳೆ, ಮಕ್ಕಳನ್ನು ನೋಡಲು ಬಿಡುವುದಿಲ್ಲ, ಏನು ಮಾಡಬಹುದು ಎಂದು ಕೇಳಿದ. ನಾವು ವಿಷಯವೆಲ್ಲ ತಿಳಿಸಿದೆವು. ಅವನ ಮುಖ ಬಾಡಿದ ಹಾಗೆ ಕಂಡಿತು. "ಬೇಸರ ಮಾಡ್ಬೇಡಿ. ನೆರೆಕರೆಯವರಿಗೆ ಹೇಳಿ, ಇದರಲ್ಲಿ ನಾಚಿಕೆ ಎಂತದ್ದೂ ಇಲ್ಲ, ಎಷ್ಟೋ ಮನೆಯಲ್ಲಿ ಆಗುವುದೇ," ಎಂದು ದನಿ ತಗ್ಗಿಸಿ ಹೇಳಿದೆ, ಲೋಟದಲ್ಲಿ ನೀರೂ ಕೊಟ್ಟೆ. ಅವನು ಎದ್ದು ನಿಂತ. "ಟೀಚರೇ, ನೀವು ಎಂತ ಎಣಿಸಿದ್ದು? ನನ್ನ ಹೆಂಡತಿ ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ರೆ! ಕೆಳಗೆ ಸ್ಕೂಟರಿನ ಹತ್ತಿರ ನಿಂತಿದ್ದಾಳೆ, ಬೇಕಾದ್ರೆ ನೋಡಿ!" ಎಂದು ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ. ಹೆಂಡತಿ ಬೊಂಡ ಕುಡಿಯುತ್ತಿದ್ದಳು. ಲೀನಾ ಮೇಜಿನ ಕೆಳಗೆ ಪೆನ್ನು ಹುಡುಕುವ ನೆಪದಲ್ಲಿ ಬಗ್ಗಿ ನಗುತ್ತಿದ್ದಳು.

ಖತೀಜಮ್ಮ ಬಂದದ್ದು ಒಂದು ಮಳೆಗಾಲದ ಕೊನೆಗೆ. ಅವರಿಗಿಂತ ಮೊದಲು ಮೆಟ್ಟಿಲು ಹತ್ತಿದ್ದು ಅತ್ತರಿನ ಪರಿಮಳ. ಕುದ್ರೋಳಿಯಲ್ಲಿ ಅವರ ಗಂಡನಿಗೆ ಅತ್ತರು, ಟೋಪಿ, ನಮಾಜಿನ ಚಾಪೆ ಮಾರುವ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ಮನೆ. ಇದನ್ನು ಅವರು ಆಮೇಲೆ ಹೇಳಿದ್ದು. ಆ ದಿನ ಕುರ್ಚಿಯ ತುದಿಯಲ್ಲಿ ಕೂತು, ತಲೆಯ ಬಟ್ಟೆ ಸರಿಮಾಡಿಕೊಂಡು, ತುಳುವಿಗೆ ಕನ್ನಡ ಬೆರೆಸಿ ಶುರುಮಾಡಿದರು.

"ನನಗಲ್ಲ ಟೀಚರೇ. ನೆರೆಕರೆಯಲ್ಲಿ ಒಬ್ಬಳು ಉಂಟು, ಪಾಪ. ಗಂಡ ತೀರಿಹೋದ. ಮಕ್ಕಳಿಲ್ಲ. ಗಂಡ ಹೋದ ಮೇಲೆ ಮನೆಯೊಳಗೇ ಕೂರುವ ಇದ್ದತ್ ಎಲ್ಲ ಮುಗೀತು, ಈಗ ಹೊರಗೆ ಬರ್ಬಹುದು. ಗಂಡನ ಅಣ್ಣ ಹೇಳ್ತಾರೆ, ಒಬ್ಬಳೇ ಇಲ್ಲಿ ಎಂತ ಮಾಡ್ತಿ, ನಿನ್ನ ತಮ್ಮನ ಮನೆಗೆ ಹೋಗಿ ಆರಾಮ್ ಇರು ಅಂತ. ಅವಳು ಹೋಗ್ಬೇಕಾ?"

"ಅವಳಿಗೆ ಹೋಗ್ಲಿಕ್ಕೆ ಮನಸ್ಸುಂಟಾ?" ಎಂದೆ.

"ಎಲ್ಲಿಂದ ಬರ್ಬೇಕು ಮನಸ್ಸು? ಮದುವೆ ಆಗಿ ಬಂದ ಮನೆ. ಮೊಣಕಾಲು ಬೇರೆ ನೋವು ಅವಳಿಗೆ," ಎಂದು ಖತೀಜಮ್ಮ ತಮ್ಮ ಮೊಣಕಾಲನ್ನು ತಿಕ್ಕಿಕೊಂಡರು.

ಮನೆ ಯಾರ ಹೆಸರಿನಲ್ಲಿದೆ ಎಂದು ಲೀನಾ ಕೇಳಿದಳು. ನೆರೆಕರೆಯವಳ ಗಂಡ ತಾನೇ ದುಡಿದು ಕೊಂಡದ್ದು, ಅವನದೇ ಹೆಸರು. "ಹಾಗಾದ್ರೆ ಹೆಂಡತಿಗೆ ಅದರಲ್ಲಿ ಪಾಲುಂಟು," ಎಂದಳು ಲೀನಾ. "ಅದು ಕೋರ್ಟು ಕೊಡುವ ಭಿಕ್ಷೆ ಅಲ್ಲಮ್ಮ, ನಿಮ್ಮ ಧರ್ಮದಲ್ಲೇ ಹೇಳಿದ್ದು. ಮತ್ತೆ, ಇಷ್ಟು ವರ್ಷ ಇದ್ದ ಮನೆಯಿಂದ ಅವಳನ್ನು ಯಾರೂ ಸುಮ್ಮನೆ ಎಬ್ಬಿಸ್ಲಿಕ್ಕೆ ಆಗುವುದಿಲ್ಲ. ಅವಳಿಗೆ ಹೇಳಿ." ದಾಖಲೆಗೆ ಬೇಕೆಂದು ನೆರೆಕರೆಯವಳ ಹೆಸರು ಕೇಳಿದಳು. ಖತೀಜಮ್ಮ ಒಂದು ಗಳಿಗೆ ಸೂರು ನೋಡಿದರು. "ಐಸಮ್ಮ," ಎಂದರು.

ಹೀಗೆ ಐಸಮ್ಮ ನಮ್ಮ ನಡುವೆ ಬಂದಳು. ಆಮೇಲೆ ಖತೀಜಮ್ಮ ಆಗಾಗ ಬರುತ್ತಿದ್ದರು. ಚಾ ತರಿಸುತ್ತಿದ್ದೆವು. ಮೂವರೂ ಕೂತು ಐಸಮ್ಮನ ವಿಷಯ ಮಾತಾಡುವುದು, ಕುಟುಂಬದ ಹೆಣ್ಣೊಬ್ಬಳ ಕುರಿತು ಮಾತಾಡಿದ ಹಾಗೆ.

"ಐಸಮ್ಮ ಹೇಗಿದ್ದಾಳೆ?"

"ಎಂತ ಹೇಗೆ! ಬುದ್ಧಿ ಇಲ್ಲದ ಹೆಂಗಸು ಟೀಚರೇ. ಇಲ್ಲಿ ಹೇಳಿದ್ದೆಲ್ಲ ನಾನು ಹೋಗಿ ಹೇಳ್ತೇನೆ. ತಲೆ ಆಡಿಸ್ತಾಳೆ. ಬಾವ ಎದುರು ಬಂದ್ರೆ ಬಾಯಿಗೆ ಬೀಗ."

ಒಮ್ಮೆ ನಾನು ಸ್ವಲ್ಪ ಸಿಟ್ಟಿನಲ್ಲೇ ಹೇಳಿದೆ, "ಅವಳಿಗೆ ಎಂತದ್ದು ನಾಚಿಕೆ? ಅವಳದ್ದನ್ನು ಅವಳು ಕೇಳುವುದು. ಬೇರೆಯವರದ್ದು ಕೇಳ್ತಾಳಾ?"

ಖತೀಜಮ್ಮ ಚಾದ ಲೋಟವನ್ನು ಕೆಳಗಿಟ್ಟರು. ನಿಧಾನಕ್ಕೆ ಹೇಳಿದರು. "ಬಾವ ಕೆಟ್ಟವರಾದ್ರೆ ಅವಳು ಯಾವಾಗಲೋ ಕೇಳ್ತಿದ್ದಳು ಟೀಚರೇ. ಅವರು ಒಳ್ಳೆಯವರು. ಗಂಡ ಆಸ್ಪತ್ರೆಯಲ್ಲಿ ಇರುವಾಗ ಅವರೇ ನೋಡಿದ್ದು. ಹಬ್ಬಕ್ಕೆ ಮೊದಲ ಬಟ್ಟೆ ಅವಳಿಗೇ ತರುವುದು. ನಾವು ಜಕಾತ್ ಕೊಟ್ಟು ಗೊತ್ತಿದ್ದವರು, ಕೈ ಚಾಚಿ ಗೊತ್ತಿಲ್ಲ. ಒಳ್ಳೆಯವರ ಹತ್ತಿರ ನನ್ನದು ಕೊಡಿ ಅಂತ ಹೇಗೆ ಹೇಳುವುದು?"

'ನಾವು' ಎಂದು ಬಾಯಿತಪ್ಪಿ ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ನಮಗೆ ಗೊತ್ತಾಯಿತು, ಕ್ರಮದ ಪ್ರಕಾರ ಸುಮ್ಮನಿದ್ದೆವು. ಅವರು ಕೇಳಿದ ಪ್ರಶ್ನೆಗೆ ನಾನು ಏನೋ ಉತ್ತರ ಕೊಟ್ಟೆ. ಹಕ್ಕು ಬೇರೆ, ಪ್ರೀತಿ ಬೇರೆ ಎಂದೆಲ್ಲ ಹೇಳಿರಬೇಕು. ಭಾಷಣದ ಮಾತು. ಅದನ್ನು ಹೇಳುವಾಗ ನನ್ನ ಗಂಟಲು ಎಷ್ಟು ಸಲೀಸಾಗಿತ್ತು ಎಂದು ನೆನೆದರೆ ಈಗ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮಲ್ಲಂತೂ ಇನ್ನೊಂದು ತಮಾಷೆ ಇದೆ. ಅಳಿಯಕಟ್ಟಿನ ಜನ ನಾವು. ನನ್ನ ಅಜ್ಜಿಯ ಕಾಲದಲ್ಲಿ ಮನೆ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಾ, ಅಣ್ಣತಮ್ಮಂದಿರಿಗೆ ಇಷ್ಟು ಅಕ್ಕಿ ಅಳೆದು ಕೊಡು ಎಂದು ಹೇಳುತ್ತಿದ್ದರಂತೆ. ಕೇಳಲು ನಾಚಬೇಕಾದವರು ಗಂಡಸರು. ಕೆಲವೇ ತಲೆಮಾರುಗಳಲ್ಲಿ ಆ ನಾಚಿಕೆ ಜಗಲಿ ದಾಟಿ ಒಳಗೆ ಬಂದು ನಮ್ಮ ಪಾಲಿಗೆ ಬಿದ್ದಿದೆ. ಪಾಲು ಮಾಡುವಾಗ ಅದೊಂದನ್ನು ಮಾತ್ರ ಯಾರೂ ಹೆಣ್ಣುಮಕ್ಕಳಿಗೆ ಕಡಿಮೆ ಮಾಡಲಿಲ್ಲ.

ಮತ್ತೊಂದು ಶನಿವಾರ ಖತೀಜಮ್ಮ ಬಂದರು. ಬೊಂಡ ಕುಡಿಯದೆ ನೇರ ಹತ್ತಿದರು, ರಾಮಣ್ಣ ಆಮೇಲೆ ಆಶ್ಚರ್ಯದಿಂದ ಹೇಳಿದ. ಅಂದು ಅವರು ಕುರ್ಚಿಯ ತುದಿಯಲ್ಲಿ ಕೂರಲಿಲ್ಲ. ಬೆನ್ನು ತಾಗಿಸಿ ಪೂರ್ತಿ ಕೂತರು.

"ಐಸಮ್ಮ ಎಂತ ಹೇಳಿದಳು?" ಎಂದು ಲೀನಾ ಎಂದಿನಂತೆ ಕೇಳಿದಳು.

"ಐಸಮ್ಮ ಇಲ್ಲ," ಎಂದರು ಖತೀಜಮ್ಮ. "ಇವತ್ತು ನಾನೇ ಬಂದದ್ದು."

ಬಾವನ ಮಗನಿಗೆ ಮದುವೆಯಾಗಿ, ಹೊಸ ಜೋಡಿಗೆ ಕೋಣೆ ಬೇಕಾಗಿತ್ತಂತೆ. ಎರಡೇ ದಿನಕ್ಕೆಂದು ಹೇಳಿ ಖತೀಜಮ್ಮನ ಮಂಚವನ್ನು ಅತ್ತರಿನ ಪೆಟ್ಟಿಗೆ ಇಡುವ ಗೋದಾಮಿಗೆ ಹಾಕಿದರು. ಎರಡು ದಿನ ಕಳೆದು ಮತ್ತೆಷ್ಟೋ ದಿನವಾಯಿತು. "ವಾಸನೆಗೆ ನಿದ್ರೆ ಬರುವುದಿಲ್ಲ ಟೀಚರೇ," ಎಂದರು. "ನನ್ನ ಗಂಡ ಇಷ್ಟು ವರ್ಷ ಮಾರಿದ ಪರಿಮಳ ಅದು. ಅದರಲ್ಲಿ ನನಗೆ ಉಸಿರು ಕಟ್ಟುವುದಾ?" ಆಮೇಲೆ ಕಣ್ಣೊರೆಸಿಕೊಂಡು, ಲೀನಾಳ ಕಡೆ ತಿರುಗಿ, "ನನಗೆ ನನ್ನ ಕೋಣೆ ಬೇಕು. ನನ್ನ ಪಾಲು ಬೇಕು. ಎಂತ ಮಾಡ್ಬೇಕು ಹೇಳಿ," ಎಂದರು.

ಕೋರ್ಟಿಗೆ ಹೋಗಬೇಕಾಗಲಿಲ್ಲ. ಲೀನಾ ಬಾವನನ್ನು ಕರೆಸಿದಳು. ಅವರು ಬಂದು ಅದೇ ಕುರ್ಚಿಯಲ್ಲಿ ಕೂತರು; ಬಿಳಿ ಗಡ್ಡ, ಇಸ್ತ್ರಿ ಅಂಗಿ, ಕೆಂಪಾದ ಮುಖ. "ನನ್ನ ಹತ್ತಿರ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ? ವಕೀಲರ ಹತ್ತಿರ ಬರ್ಬೇಕಿತ್ತಾ? ನಂಬಿಕೆ ಇಲ್ವಾ ನನ್ನ ಮೇಲೆ?" ಎಂದು ಅವರು ಕೇಳಿದ್ದು ನಮ್ಮನ್ನಲ್ಲ, ಖತೀಜಮ್ಮನನ್ನು. ಖತೀಜಮ್ಮ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತಿದ್ದರು, ಕಿವಿಯವರೆಗೆ ನಾಚಿಕೆ. ಆದರೆ ಕೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ಅಂಗಡಿ ಬಾವನಿಗೆ, ಮನೆಯ ಮುಂದಿನ ಕೋಣೆಗಳು ಖತೀಜಮ್ಮನ ಪಾಲಿಗೆ ಎಂದು ಬರೆದು, ನೋಂದಣಿಯಾಯಿತು. ಆ ವರ್ಷ ಹಬ್ಬಕ್ಕೆ ಬಾವನ ಮನೆಯಿಂದ ಬಿರಿಯಾನಿ ಬರಲಿಲ್ಲ. ಮರುವರ್ಷ ಬಂತು. ಉಪ್ಪು ಸ್ವಲ್ಪ ಕಡಿಮೆ ಇತ್ತಂತೆ. ಖತೀಜಮ್ಮ ಈಗಲೂ ಆ ಮುಂದಿನ ಕೋಣೆಯಲ್ಲೇ ಇದ್ದಾರೆ.

ಈ ಕತೆಯನ್ನು ಹೆಸರು ಬದಲಿಸಿ ನಾನು ಎಷ್ಟು ಮಹಿಳಾ ಮಂಡಲಗಳಲ್ಲಿ ಹೇಳಿಲ್ಲ! 'ಹಕ್ಕು ಕೇಳಲು ನಾಚಿಕೆ ಯಾಕೆ?' ಎಂಬುದು ನನ್ನ ಭಾಷಣದ ಖಾಯಂ ವಿಷಯ. ಮುಗಿದ ಮೇಲೆ ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ. ಕಣ್ಣಿನ ತೊಂದರೆ ಶುರುವಾದ ಮೇಲೆ ಶನಿವಾರದ ಮೇಜಿಗೆ ಹೋಗುವುದು ಬಿಟ್ಟೆ, ಭಾಷಣ ಬಿಡಲಿಲ್ಲ. ದಯಾನ ಕಂಬಳಿ ಇಡಲು ಕಪಾಟು ತೆಗೆದಾಗ ಆ ಶಾಲುಗಳೆಲ್ಲ ಮಡಿಚಿಟ್ಟ ಹಾಗೇ ಇದ್ದವು. ಅವುಗಳ ಮುಖ ನೋಡದೆ ಕಪಾಟು ಮುಚ್ಚಿದೆ.

ಈಗ ನಿನ್ನೆಯ ವಿಷಯ ಹೇಳಬೇಕು. ಹೇಳದೆ ಮುಗಿಸಬಹುದಿತ್ತು. ಆದರೆ ಇಲ್ಲಿಯವರೆಗೆ ನನ್ನ ಜೊತೆ ಬಂದಿದ್ದೀರಿ.

ನಿನ್ನೆ ಶನಿವಾರ. ಮಾರ್ಕೆಟಿಗೆ ಹೋಗಿ ಬರುತ್ತೇನೆ ಎಂದು ದಯಾನಿಗೆ ಸುಳ್ಳು ಹೇಳಿ ಬಸ್ಸು ಹತ್ತಿ ಬಿಜೈಯಲ್ಲಿ ಇಳಿದೆ. ಬೋರ್ಡಿಗೆ ಹೊಸ ಬಣ್ಣ ಬಂದಿದೆ. ನಾನು ಅದನ್ನು ದಾಟಿ ಮುಂದೆ ಹೋದೆ. ಯಾಕೆ ಹೋದೆ ಎಂದು ಕಾಲಿಗೇ ಗೊತ್ತು. ನೋಡಿದರೆ ರಾಮಣ್ಣನ ಗಾಡಿಯ ಎದುರು ನಿಂತಿದ್ದೇನೆ.

"ಓ ಟೀಚರ್! ಎಂತ, ಅಪರೂಪ! ಮೇಲೆ ಹೋಗ್ಲಿಕ್ಕಲ್ವಾ?"

"ಒಂದು ಬೊಂಡ ಕೊಡು ರಾಮಣ್ಣ. ಸೆಕೆ."

ಅಷ್ಟು ವರ್ಷ ಶನಿವಾರ ಬಂದರೂ ನಾನು ಅವನ ಗಾಡಿಯಲ್ಲಿ ಬೊಂಡ ಕುಡಿದವಳಲ್ಲ. ಅವನು ಕತ್ತಿ ಎತ್ತಿದವನು ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಏನೂ ಕೇಳದೆ, ಗೊನೆಯಲ್ಲಿ ಹುಡುಕಿ ಎಳೆಯದೊಂದನ್ನು ಕೊಯ್ದು ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತ. ನಾನು ಕುಡಿಯುತ್ತಾ ಆಚೆ ಈಚೆ ನೋಡಿದೆ. ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದಾರಾ ಎಂದು. ಯಾರೂ ಇರಲಿಲ್ಲ. ಬಾಯಿ ಒರೆಸಿಕೊಂಡು ಸಟ್ಟಂತ ಮೆಟ್ಟಿಲು ಹತ್ತಿದೆ.

ಲೀನಾಳ ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ನನ್ನನ್ನು ಕಂಡು ಎದ್ದು ಬಂದು ಅಪ್ಪಿಕೊಂಡಳು. "ಟೀಚರ್! ನಿಮ್ಮ ಕುರ್ಚಿ ಹಾಗೇ ಉಂಟು, ಬನ್ನಿ," ಎಂದು ಮಧ್ಯದ ಕುರ್ಚಿ ತೋರಿಸಿದಳು. ನಾನು ಅದರಲ್ಲಿ ಕೂರಲಿಲ್ಲ. ಎದುರಿನ ಕುರ್ಚಿಯ ತುದಿಯಲ್ಲಿ ಕೂತೆ. ಬಾಯಿ ತೆರೆದೆ. ದೇವರಾಣೆ ಹೇಳುತ್ತೇನೆ, ನಾನು ಯೋಚಿಸಿ ಹೇಳಿದ್ದಲ್ಲ, ತಾನಾಗಿ ಬಂತು:

"ನನಗಲ್ಲ ಲೀನಾ. ನಮ್ಮ ನೆರೆಕರೆಯವರಿಗೆ."

ಅವಳ ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತಿತು. ಮಿಸುಕಲಿಲ್ಲ. ಎಷ್ಟು ಚೆನ್ನಾಗಿ ಕಲಿಸಿದ್ದೆ ನಾನು! ಕುರ್ಚಿ ಎಳೆದುಕೊಂಡು ಕೂತು, "ಹೇಳಿ ಟೀಚರ್, ನೆರೆಕರೆಯವರಿಗೆ ಎಂತ ಆಯ್ತು?" ಎಂದಳು, ಹೊಸಬರನ್ನು ಕೇಳುವ ಅದೇ ಮೆತ್ತಗಿನ ದನಿಯಲ್ಲಿ. ನಾನು ಹೇಳಿದೆ. ಅಕ್ಕ ತಮ್ಮ, ಅಮ್ಮನ ಮನೆ, ಬಿಡುಗಡೆ ಪತ್ರ, ಬಾಯಲ್ಲಿ ಮಾತ್ರ ಇರುವ ಫ್ಲ್ಯಾಟು.

"ನೆರೆಕರೆಯವರು ಇದಕ್ಕೆ ಸೈನ್ ಮಾಡಿದ್ರೆ ಅಲ್ಲಿಂದ ಮೇಲೆ ಆ ಮನೆಯಲ್ಲಿ ಅವರು ನೆಂಟರು," ಎಂದಳು ಲೀನಾ. "ತಮ್ಮ ಒಳ್ಳೆಯವರೇ ಇರ್ಬಹುದು. ಇಲ್ಲ ಅಂತ ನಾನು ಹೇಳುವುದಿಲ್ಲ. ಆದ್ರೆ ತಮ್ಮನಿಗೂ ಪ್ರಾಯ ಆಗ್ತದೆ, ಹೆಂಡತಿ ಮಕ್ಕಳುಂಟು. ದೋಸೆ ತಿನ್ನುವಾಗ ಹೇಳಿದ ಮಾತು ಅವರಿಗೆ ಎಂತ ಗೊತ್ತು? ಫ್ಲ್ಯಾಟ್ ಅಕ್ಕನ ಹೆಸರಿಗೆ ಅಂತ ಮೊದಲು ಬರೆದು ರಿಜಿಸ್ಟರ್ ಆಗ್ಲಿ. ಮತ್ತೆ ಸೈನ್. ನೆರೆಕರೆಯವರಿಗೆ ಹೇಳಿ, ಇದರಲ್ಲಿ ನಾಚಿಕೆ ಎಂತದ್ದೂ ಇಲ್ಲ."

ಎಲ್ಲ ನನಗೆ ಗೊತ್ತಿದ್ದದ್ದೇ. ಕೆಲವು ವಾಕ್ಯಗಳಂತೂ ನನ್ನವೇ. ಆದರೂ ಈ ಕಡೆಯ ಕುರ್ಚಿಯಲ್ಲಿ ಕೂತು ಕೇಳುವಾಗ ನೆಲ ನುಂಗಬಾರದೇ ಅನ್ನಿಸಿತು. ನಾಚಿಕೆ ಇಲ್ಲ ಎಂದು ಇನ್ನೊಬ್ಬರು ಹೇಳಿದರೆ ನಾಚಿಕೆ ಕಡಿಮೆಯಾಗುವುದಿಲ್ಲ, ಇದೆಯೆಂದು ಅವರಿಗೂ ಗೊತ್ತಾಯಿತಲ್ಲ ಎಂದು ಇನ್ನಷ್ಟು ಹೆಚ್ಚುತ್ತದೆ. ಇಷ್ಟು ವರ್ಷ ನನ್ನಿಂದ ಹೇಳಿಸಿಕೊಂಡವರೆಲ್ಲ ಹೀಗೆ ಸುಡುತ್ತಾ ಮೆಟ್ಟಿಲು ಇಳಿದಿರಬೇಕು. ನಾನು ಕಿಟಕಿಯಿಂದ ನೋಡಿ, ಪಾಪ, ಧೈರ್ಯ ಬಂತು ಅವರಿಗೆ ಎಂದುಕೊಂಡಿದ್ದೆ.

ನಾನು ಏಳುವಾಗ ಲೀನಾ ಪೆನ್ನು ತೆಗೆದು, ಕಣ್ಣು ಕಾಗದದ ಮೇಲೇ ಇಟ್ಟುಕೊಂಡು ಕೇಳಿದಳು, "ದಾಖಲೆಗೆ ಬೇಕು. ನೆರೆಕರೆಯವರ ಹೆಸರೆಂತ ಟೀಚರ್?"

ನಾನು ಒಂದು ಗಳಿಗೆ ಸೂರು ನೋಡಿದೆ.

"ಐಸಮ್ಮ," ಎಂದೆ.

ಲೀನಾ ಬರೆದುಕೊಂಡಳು.

ಇಂದು ಭಾನುವಾರ. ದಯಾ ಬೆಳಿಗ್ಗೆಯೇ ಹೋಗಿ ಬಂಗುಡೆ ಮೀನು ತಂದ, ಅಕ್ಕನಿಗೆ ಇಷ್ಟವೆಂದು. ಹಿತ್ತಲಿನಲ್ಲಿ ಕೂತು ತಾನೇ ತುಂಡು ಮಾಡಿ ತೊಳೆದ. ನಾನು ಮಸಾಲೆ ಅರೆದೆ. ಊಟವಾಯಿತು, ಮೇಜು ಒರೆಸಿದ್ದಾಯಿತು. ಫೈಲು ಅಲ್ಲೇ ಇತ್ತು. ಅತ್ತರು ಈಗ ಹಾಳೆಗಳ ಒಳಗೆ ಸೇರಿಹೋಗಿದೆ, ಹತ್ತಿರ ಬಂದರೆ ಮಾತ್ರ ಗೊತ್ತಾಗುತ್ತದೆ.

"ನಾಳೆ ಒಂಬತ್ತಕ್ಕೆ ಹೊರಡುವ ಅಕ್ಕ," ಎಂದ ದಯಾ. "ಬೇಗ ಹೋದ್ರೆ ರಶ್ ಇರುವುದಿಲ್ಲ."

"ದಯಾ," ಎಂದೆ. ಕೈ ಒರೆಸುವ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. "ಕೆಳಗಿನ ಫ್ಲ್ಯಾಟ್ ಹೇಳಿದಿಯಲ್ಲ. ಅದನ್ನು ನನ್ನ ಹೆಸರಿಗೆ ಬರೆದು, ಮೊದಲು ರಿಜಿಸ್ಟರ್ ಮಾಡುವ. ಮತ್ತೆ ನಾನು ಸೈನ್ ಮಾಡ್ತೇನೆ."

ಅವನು ನನ್ನನ್ನೇ ನೋಡಿದ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ನೋವು. ಮುಖ ಸಣ್ಣದಾಯಿತು, ಶಾಲೆಯಲ್ಲಿ ಪೆಟ್ಟು ತಿಂದು ಬಂದಾಗ ಆಗುತ್ತಿದ್ದ ಹಾಗೆ.

"ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕ ನಿನಗೆ?"

ಬರುತ್ತದೆ ಎಂದು ಗೊತ್ತಿದ್ದ ಮಾತು. ಬಂದವರಿಗೆಲ್ಲ ನಾವೇ ಹೇಳಿ ಕಳಿಸುತ್ತಿದ್ದೆವು, ಇದನ್ನು ಕೇಳುತ್ತಾರೆ, ಹೆದರಬೇಡಿ ಎಂದು. ನನ್ನ ಕಿವಿ ಬಿಸಿಯಾಯಿತು. ಕಣ್ಣು ನೆಲಕ್ಕೆ ಹೋಯಿತು. ಈಗ "ಛೆ, ಬಿಡು ಮಾರಾಯ, ತಮಾಷೆಗೆ ಹೇಳಿದ್ದು" ಎಂದರೆ ಎಲ್ಲ ಮೊದಲಿನ ಹಾಗಾಗುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿದೆ.

"ಉಂಟು," ಎಂದೆ. "ಬರೆದು ಕೊಡು."

"ಯಾರು ಹಾಕಿದ್ದು ಇದನ್ನು ನಿನ್ನ ತಲೆಗೆ? ನೀನು ಮೊದಲು ಹೋಗ್ತಿದ್ದ ಆ ವಕೀಲರಾ? ನೆರೆಕರೆಯವರು ಯಾರಾದ್ರೂ ಹೇಳಿದ್ದಾ?"

ಬೇಕಾದಷ್ಟು ಹೆಸರುಗಳಿದ್ದವು. ಲೀನಾ ಎನ್ನಬಹುದಿತ್ತು. ಐಸಮ್ಮ ಅಂತೂ ಯಾವಾಗಲೂ ತಯಾರು.

"ಯಾರೂ ಅಲ್ಲ ದಯಾ," ಎಂದೆ. "ನಾನೇ ಕೇಳುವುದು. ನನಗೆ."